ಐಸ್ ಕ್ರೀಂ ಮಷಿನ್ ತಗೊಂಡು ಕೊನೆಗೆ ಅಮ್ಮನ ಮಿಕ್ಸಿಗೇ ವಾಪಸ್ ಬಂದೆ

ಕರ್ನಾಟಕ ಬಿಟ್ಟು ಹೊರಗಡೆ ಸಂಸಾರ ಹೂಡಿ ಸುಮಾರು ವರ್ಷ ಆಯ್ತು. ಇಲ್ಲಿಯವರ ಹತ್ರ ಕಲ್ತಿದ್ದೂ ಇದೆ, ಒಳಗೊಳಗೇ ನಕ್ಕಿದ್ದೂ ಇದೆ, ಆದ್ರೆ ಮನೇಲಿ ಐಸ್ ಕ್ರೀಂ ಮಾಡೋ ವಿಷಯಕ್ಕೆ ಬಂದ್ರೆ ಬಹಳ ದಿನ ನಾನು ನಗ್ತಿದ್ದಿದ್ದು ಅಮ್ಮನ ಮೇಲೆ. ಅವಳ ಪದ್ಧತಿ ಏನಪ್ಪಾ ಅಂದ್ರೆ ಹಾಲು ಚೆನ್ನಾಗಿ ಕುದಿಸಿ ಇಳಿಸೋದು, ಕಾರ್ನ್‌ಫ್ಲೋರ್ ತಣ್ಣಗಿನ ಹಾಲಲ್ಲಿ ಕದಡಿ ಸುರಿಯೋದು, ಸಕ್ಕರೆ ಕಣ್ಣಂದಾಜು, ಆರಿದ್ಮೇಲೆ ಡಬ್ಬಿಗೆ ಹಾಕಿ ಫ್ರೀಜರ್‌ಗೆ. ಅರ್ಧಂಬರ್ಧ ಗಟ್ಟಿ ಆದಾಗ ತೆಗೆದು ಮಿಕ್ಸಿಗೆ ಹಾಕಿ ಗುರ್ರ್ ಅನ್ನಿಸೋದು, ಮತ್ತೆ ಫ್ರೀಜರ್, ಮತ್ತೆ ಮಿಕ್ಸಿ, ಮತ್ತೆ ಫ್ರೀಜರ್. ಯಾಕಮ್ಮ ಎರಡೆರಡು ಸಲ ಅಂದ್ರೆ "ಇಲ್ದಿದ್ರೆ ಹಲ್ಲಿಗೆ ಮರಳು ಸಿಕ್ದಂಗಿರತ್ತೆ ಕಣೋ" ಅಂತಿದ್ಲು. ಅಷ್ಟೇ ವಿವರಣೆ.

ಇಲ್ಲಿ ಪಕ್ಕದ ಮನೆಯವರು ಮಾಡೋದು ನೋಡಿದಾಗ ದಂಗಾಗೋದೆ. ಅಡುಗೆಮನೆ ತಕ್ಕಡಿ ಮೇಲೆ ಪಾತ್ರೆ ಇಟ್ಟು ಸೊನ್ನೆ ಮಾಡಿ ಹಾಲು ಇಷ್ಟು ಗ್ರಾಂ, ಕ್ರೀಂ ಇಷ್ಟು ಗ್ರಾಂ, ಮೊಟ್ಟೆ ಹಳದಿ ಸೇರಿಸಿ ಸಣ್ಣ ಉರೀಲಿ ಕೈಯಾಡಿಸ್ತಾ ಥರ್ಮಾಮೀಟರ್ ಚುಚ್ಚಿ ನೋಡೋದು, 82-83 ಡಿಗ್ರಿ ಬಂದ ಕೂಡ್ಲೇ ಇಳಿಸಿ ಸೋಸಿ ಒಂದು ರಾತ್ರಿ ಫ್ರಿಡ್ಜಲ್ಲಿಟ್ಟು ಮಾರನೇ ದಿನ ಮಷಿನ್‌ಗೆ ಹಾಕೋದು. ನಾನೂ ಹುಮ್ಮಸ್ಸಲ್ಲಿ ಥರ್ಮಾಮೀಟರ್ ಇಲ್ದೆ ಟ್ರೈ ಮಾಡ್ದೆ, ಫೋನಲ್ಲಿ ಮಾತಾಡ್ತಾ ಎರಡು ನಿಮಿಷ ಮೈಮರೆತೆ ಅಷ್ಟೇ, ಪಾತ್ರೆ ತಳದಲ್ಲಿ ಬೆಂದ ಮೊಟ್ಟೆ ತುಣುಕು, ಮೇಲೆ ಸಿಹಿ ನೀರು. 85 ಡಿಗ್ರಿ ದಾಟಿದ್ರೆ ಮೊಟ್ಟೆ ಯಾರ ಮಾತೂ ಕೇಳಲ್ಲ.

ಆಮೇಲೆ ಮಷಿನ್ನೂ ತಗೊಂಡೆ. ಅದರ ಬೌಲ್ ಗೋಡೆ ಒಳಗೆ ಒಂದು ದ್ರವ ತುಂಬಿರ್ತಾರೆ, ಅದು ಪೂರ್ತಿ ಗಟ್ಟಿ ಆಗೋಕೆ ಬೌಲನ್ನ ಸುಮಾರು 24 ಗಂಟೆ ಫ್ರೀಜರಲ್ಲಿ ಇಡ್ಬೇಕು, ಅಂದ್ರೆ ಇವತ್ತು ಐಸ್ ಕ್ರೀಂ ತಿನ್ನೋ ಆಸೆ ಆದ್ರೆ ನಿನ್ನೇನೇ ಆಸೆ ಆಗಿರ್ಬೇಕಿತ್ತು. ಬೌಲ್ ಫ್ರೀಜರ್‌ನ ಅರ್ಧ ಜಾಗ ನುಂಗತ್ತೆ. ಹೋಗ್ಲಿ ಅಂತ ಅದನ್ನೂ ಸಹಿಸ್ಕೊಂಡೆ. 25 ನಿಮಿಷ ತಿರುಗಿದ್ರೆ ಸಾಕು ಅಂದ್ರೂ ನಮ್ಮದು ಇನ್ನೂ ಗಟ್ಟಿ ಆಗ್ಲಿ ಅನ್ನೋ ಬುದ್ಧಿ ಅಲ್ವಾ, ಮುಕ್ಕಾಲು ಗಂಟೆ ಬಿಟ್ಟೆ, ಕ್ರೀಂ ಜಾಸ್ತಿ ಹಾಕಿದ್ದಕ್ಕೆ ಬಾಯಿಗಿಟ್ರೆ ನಾಲಿಗೆ ಮೇಲೆ ಬೆಣ್ಣೆ ಪದರ, ಅಲ್ಲಲ್ಲಿ ಬೆಣ್ಣೆ ಕಾಳು. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯೋ ವಂಶದಲ್ಲಿ ಹುಟ್ಟಿ ಇದು ಹೊಳೀಲಿಲ್ಲ ನೋಡಿ.

ಆದ್ರೆ ಈ ಮಷಿನ್ ಏನ್ ಮಾಡತ್ತೆ ಅಂತ ಹತ್ರ ಬಗ್ಗಿ ನೋಡಿದಾಗಲೇ ಅಮ್ಮನ ಮರಳು ಅರ್ಥ ಆಗಿದ್ದು. ಬೌಲಿನ ಗೋಡೆಗೆ ತಾಗಿದ ಹಾಲು ತೆಳ್ಳಗೆ ಹೆಪ್ಪುಗಟ್ಟತ್ತೆ, ಒಳಗಿನ ಪ್ಲಾಸ್ಟಿಕ್ ರೆಕ್ಕೆ ಅದನ್ನ ಕೆರೆದು ಕೆರೆದು ನಡುವೆ ಕಲಸತ್ತೆ, ಹಂಗಾಗಿ ಐಸ್ ಹರಳು ದೊಡ್ಡದಾಗೋಕೆ ಪುರುಸೊತ್ತೇ ಇಲ್ಲ. ಹರಳು 50 ಮೈಕ್ರಾನ್‌ಗಿಂತ, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ದಪ್ಪ ಆದ್ರೆ ನಾಲಿಗೆಗೆ ಗೊತ್ತಾಗತ್ತೆ, ಅದೇ ಅಮ್ಮನ ಮರಳು. ಸುಮ್ನೆ ಡಬ್ಬೀಲಿ ಇಟ್ರೆ ನಿಧಾನಕ್ಕೆ ಗಟ್ಟಿಯಾಗಿ ಹರಳು ಆರಾಮಾಗಿ ಬೆಳೀತಾ ಹೋಗತ್ತೆ, ಅಮ್ಮ ಮಿಕ್ಸಿಲಿ ಅದನ್ನ ಪುಡಿ ಮಾಡ್ತಿದ್ಲು, ಜೊತೆಗೆ ಒಂದಿಷ್ಟು ಗಾಳೀನೂ ಸೇರ್ತಿತ್ತು. ಗಾಳಿ ಇಲ್ದಿದ್ರೆ ಅದು ಸಿಹಿ ಮಂಜುಗಡ್ಡೆ. ನಿಜ ಹೇಳ್ಬೇಕಂದ್ರೆ ನುಣುಪಲ್ಲಿ ಮಷಿನ್ನೇ ಮುಂದೆ, ಯಾಕಂದ್ರೆ ಮಿಕ್ಸಿ ಆದ್ಮೇಲೂ ಉಳಿದ ನೀರು ಸುಮ್ನೆ ಕೂತು ಹೆಪ್ಪುಗಟ್ಟತ್ತೆ. ಆದ್ರೆ ಎರಡು ದಿನದಲ್ಲಿ ಖಾಲಿ ಆಗೋ ಡಬ್ಬಿಗೆ ಆ ವ್ಯತ್ಯಾಸಕ್ಕೋಸ್ಕರ ಅಷ್ಟು ದೊಡ್ಡ ಪೆಟ್ಟಿಗೆ ಸಾಕ್ಬೇಕಾ?

ಹಂಗಂತ ಅಮ್ಮನದ್ದೇ ಎಲ್ಲಾ ಸರಿ ಅಂತಲೂ ಅಲ್ಲ, ಕಣ್ಣಂದಾಜು ಸಕ್ಕರೆ ಇದ್ಯಲ್ಲ, ಅಲ್ಲೇ ನಾವು ಎಡವೋದು. ನಾನು ಒಂದು ಸಲ ಆರೋಗ್ಯ ಆರೋಗ್ಯ ಅಂತ ಸಕ್ಕರೆ ಅರ್ಧಕ್ಕೆ ಇಳಿಸಿದ್ದಕ್ಕೆ ಇಟ್ಟಿಗೆ ಥರ ಆಗಿತ್ತು, ಚಮಚದ ಕುತ್ತಿಗೆ ಬಗ್ಗೋಯ್ತು. ಸಕ್ಕರೆ ಬರೀ ಸಿಹಿಗಲ್ಲ, ಕರಗಿದ ಸಕ್ಕರೆ ನೀರು ಹೆಪ್ಪುಗಟ್ಟೋದನ್ನ ತಡೆಯತ್ತೆ, ಅದಕ್ಕೇ ಮೈನಸ್ 18ರ ಫ್ರೀಜರಲ್ಲೂ ಒಂದು ಭಾಗ ನೀರು ನೀರಾಗೇ ಉಳಿದು ಚಮಚ ಇಳಿಯೋಷ್ಟು ಮೆತ್ತಗಿರತ್ತೆ. ಜಾಸ್ತಿ ಆದ್ರೆ ಗಟ್ಟಿನೇ ಆಗಲ್ಲ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಅನ್ಸತ್ತೆ, ಹಾಗಾಗಿ ಬಿಸಿ ಹಾಲಲ್ಲಿ ರುಚಿ ನೋಡಿ ಲೆಕ್ಕ ಹಾಕೋದೂ ಮೋಸ. ಈಗ ನನ್ನ ಲೆಕ್ಕ ಇಷ್ಟು: ಹಾಲು 500 ಗ್ರಾಂ, 35% ಕೊಬ್ಬಿನ ಕ್ರೀಂ 250, ಸಕ್ಕರೆ 130, ಹಾಲಿನ ಪುಡಿ 40, ಕಾರ್ನ್‌ಫ್ಲೋರ್ 10, ಚಿಟಿಕೆ ಉಪ್ಪು. ಹಾಲಿನ ಪುಡಿ ನೀರು ಹಿಡ್ಕೊಳ್ಳತ್ತೆ ಅಂತ ಇನ್ನೂ ಸುರಿಯೋಕೆ ಹೋಗ್ಬೇಡಿ, ಅದರಲ್ಲಿರೋ ಲ್ಯಾಕ್ಟೋಸ್, ಅಂದ್ರೆ ಹಾಲಿನದ್ದೇ ಸಕ್ಕರೆ, ಹರಳುಗಟ್ಟಿ ಬೇರೆ ಥರದ ಮರಳಾಗತ್ತೆ. ಹಣ್ಣು ಹಾಕೋದಾದ್ರೆ ತಿರುಳನ್ನ ಬಾಣಲೇಲಿ ಸ್ವಲ್ಪ ಹೊತ್ತು ಬಾಡಿಸಿ ನೀರು ಇಂಗಿಸಿ.

ಕಂಡೆನ್ಸ್ಡ್ ಮಿಲ್ಕ್ ಪಾರ್ಟಿಯವರು ಎಲ್ಲಾ ಕಡೆ ಇದ್ದಾರೆ, ಅಲ್ಲೂ ಇಲ್ಲೂ. ಕ್ರೀಂ ನೊರೆ ಬರೋ ಹಾಗೆ ಬೀಟ್ ಮಾಡಿ ಡಬ್ಬ ಸುರಿದು ಫ್ರೀಜರ್‌ಗೆ ಹಾಕಿದ್ರೆ ಮುಗೀತು, ಕಡೆಯೋದೂ ಇಲ್ಲ ಏನಿಲ್ಲ. ಕೆಲಸ ಸುಲಭ, ಒಪ್ಕೋತೀನಿ, ಆದ್ರೆ ಮೂರು ಚಮಚ ತಿನ್ನೋಷ್ಟರಲ್ಲಿ ಗಂಟಲು ಕಟ್ಟತ್ತೆ. ಮತ್ತೆ 25% ಕೊಬ್ಬಿನ ಕ್ರೀಂ ತಂದು ನೊರೆ ಬರ್ಲಿಲ್ಲ ಅಂತ ಬೀಟರ್‌ಗೆ ಬೈಬೇಡಿ, 30 ದಾಟದೆ ಅದು ನಿಲ್ಲಲ್ಲ.

ಕರೆಂಟೇ ಬೇಡ ಅನ್ನೋರಿಗೆ ಐಸು ಉಪ್ಪಿನ ದಾರಿ ಇದೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಅನ್ನೋರು ಕೈಯಲ್ಲಿ ತಿರುಗಿಸೋ ಐಸ್ ಕ್ರೀಂ ಯಂತ್ರಕ್ಕೆ ಪೇಟೆಂಟ್ ತಗೊಂಡ್ರು, ಹೊರಗೆ ಐಸು ಉಪ್ಪು, ಒಳಗೆ ಹಾಲಿನ ಡಬ್ಬಿ, ಮೇಲೆ ಹಿಡಿ. ಉಪ್ಪು ಸೇರಿದ್ರೆ ಐಸು ಕರಗ್ತಾ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯತ್ತೆ, ಅಳತೆ ಸರಿ ಇದ್ರೆ ಮೈನಸ್ 21ರ ತನಕ. ಮಕ್ಕಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಇದನ್ನ ಮಾಡ್ಸಿದ್ದೆ, ಬರಿಗೈಲಿ ಹಿಡಿದು ಚರ್ಮ ಕೆಂಪಾಗಿ ಅತ್ರು, ಟವೆಲ್ ಸುತ್ತಿ ಕೊಡ್ಬೇಕಿತ್ತು. ಒಳಚೀಲ ಸಣ್ಣಗೆ ಸೋರಿ ಐಸ್ ಕ್ರೀಂ ಉಪ್ಪುಪ್ಪಾಗಿದ್ದು ಬೇರೆ ಕಥೆ.

ಮಿಕ್ಸಿ ವಿಷಯದಲ್ಲಿ ಒಂದು ಮಾತು, ಜಾರ್‌ನ ಮೊದಲೇ ಅರ್ಧ ಗಂಟೆ ಫ್ರೀಜರಲ್ಲಿಡಿ, ಅರ್ಧ ಜಾರ್‌ಗಿಂತ ಜಾಸ್ತಿ ತುಂಬ್ಬೇಡಿ, ತಡೆದು ತಡೆದು ಓಡ್ಸಿ. ಮೊದಮೊದಲು ಕಟಕಟ ಅನ್ನತ್ತೆ, ಆ ಸದ್ದು ಮೆತ್ತಗಾದ ಕ್ಷಣವೇ ನಿಲ್ಸಿ, ಇನ್ನೂ ಓಡಿಸಿದ್ರೆ ಬಿಸಿಗೆ ಕರಗಿ ಮೊದಲಿಂದ ಶುರು ಮಾಡ್ಬೇಕು. ಅಗಲವಾದ ಡಬ್ಬಿಗೆ ತೆಳ್ಳಗೆ ಹರಡಿ, ಮೇಲ್ಮೈಗೆ ಅಂಟೋ ಹಾಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಫ್ರೀಜರ್‌ನ ಹಿಂದ್ಗಡೆ ಇಡಿ, ಬಾಗಿಲ ಹತ್ರ ಬೇಡ.

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಈ ಗ್ರಾಂ ಲೆಕ್ಕ ಎಲ್ಲಾ ಓದಿ ಹೇಳ್ದೆ. ಎಲ್ಲಾ ಕೇಳ್ಕೊಂಡು "ಮಿಕ್ಸಿ ಎಷ್ಟು ಸಲ ಹಾಕ್ದೆ?" ಅಂದ್ಲು. ಒಂದೇ ಸಲ ಅಮ್ಮ, ಟೈಮ್ ಇರ್ಲಿಲ್ಲ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.