ಬ್ಯಾಟರಿ ಹೋಗಿರಬೇಕು!

ಪೆಟ್ರೋಲ್ ಎಂಜಿನ್ನೂ ಬ್ಯಾಟರಿ ಮೋಟಾರೂ ಎರಡೂ ಇರುವ ಹೈಬ್ರಿಡ್ ಕಾರು ನಡುರಸ್ತೆಯಲ್ಲಿ ನಿಂತರೆ ಸುತ್ತ ಸೇರಿದ ನಾಲ್ಕು ಜನ ಹೇಳುವುದು ಒಂದೇ ಮಾತು: “ಬ್ಯಾಟರಿ ಹೋಗಿರಬೇಕು.” ಕ್ಯಾಲಿಫೋರ್ನಿಯಾದಿಂದ ಮಗ ಫೋನ್ ಮಾಡಿ ಗೋಳು ತೋಡಿಕೊಂಡರೆ ಜಯನಗರದಲ್ಲಿ ಕಾಫಿ ಕುಡಿಯುತ್ತಿರುವ ಅಪ್ಪನೂ ಅದನ್ನೇ ಹೇಳುತ್ತಾರೆ. ಜೊತೆಗೆ, “ಕರೆಂಟಿನ ಗಾಡಿ ಬೇಡ ಕಣೋ ಅಂತ ಅವತ್ತೇ ಬಡಕೊಂಡೆ” ಎಂಬ ಒಗ್ಗರಣೆ. ಪಾಪದ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ ಆತುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಮುನಿಸಿಕೊಂಡಿರುವುದು ಎಡ ಹೆಡ್‌ಲೈಟಿನ ಹಿಂದೆ ಅಡಗಿ ಕೂತ, ಮುಷ್ಟಿಗಾತ್ರದ ಒಂದು ಪಂಪು.

2004ರಿಂದ 2009ರವರೆಗಿನ ಟೊಯೋಟಾ ಪ್ರಿಯಸ್ ಈ ಮುನಿಸಿಗೆ ಹೆಸರುವಾಸಿ. ಹೆಚ್ಚು ಜನ ಕೂತ ಕಾರುಗಳಿಗೆಂದೇ ಮೀಸಲಾದ ಕಾರ್‌ಪೂಲ್ ಲೇನಿನಲ್ಲಿ ಒಬ್ಬರೇ ಹೋಗಲು ಬಿಡುವ ಹಳದಿ ಸ್ಟಿಕ್ಕರ್ 2011ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಚಾಲ್ತಿಯಲ್ಲಿತ್ತು. ಅದರ ಆಸೆಗೆ ಈ ಕಾರು ಕೊಂಡವರೂ ಇದ್ದರು. ಬ್ಯಾಟರಿಯ 201.6 ವೋಲ್ಟನ್ನು 500 ವೋಲ್ಟಿನವರೆಗೆ ಏರಿಸಿ ಮೋಟಾರಿಗೆ ಉಣಬಡಿಸುವ ಕೆಲಸ ಇನ್ವರ್ಟರಿನದು. ಬಡಿಸುವವನಿಗೆ ಬೆವರು ಕಿತ್ತುಕೊಂಡು ಬರುವುದು ಸಹಜ ತಾನೆ? ಅದಕ್ಕೆಂದೇ ಎಂಜಿನ್ನಿನ ಕೂಲೆಂಟಿಗೆ (ಬಿಸಿ ಇಳಿಸುವ ದ್ರವಕ್ಕೆ) ಸಂಬಂಧವಿಲ್ಲದ ಬೇರೆ ಸರ್ಕೀಟು, ಅದರಲ್ಲಿ 2.7 ಲೀಟರ್ ಗುಲಾಬಿ ಬಣ್ಣದ ಕೂಲೆಂಟು. ಇದನ್ನು ಸುತ್ತಿಸುವುದು ನಮ್ಮ ಪುಟಾಣಿ ಪಂಪು. ಹೊರಡಲು ಸಿದ್ಧವೆಂದು ಡ್ಯಾಶಿನಲ್ಲಿ ದೀಪ ಮೂಡಿ ಗಾಡಿ ‘ರೆಡಿ’ ಆದ ಕ್ಷಣದಿಂದ ಆಫ್ ಆಗುವವರೆಗೆ ಅದಕ್ಕೆ ರಜೆಯಿಲ್ಲ.

ಪಂಪಿನೊಳಗೆ ಸುರುಳಿ ತಂತಿಯ ಹೊದಿಕೆ ತುಕ್ಕಿನಿಂದ ಕಿತ್ತುಹೋದರೆ ಶಾರ್ಟ್ ಆಗುತ್ತದೆ, ಪಂಪು ನಿಲ್ಲುತ್ತದೆ. ಕೆಲವೊಮ್ಮೆ ಹೈಬ್ರಿಡ್ ಸರ್ಕೀಟಿನ ಫ್ಯೂಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇನ್ವರ್ಟರ್ ಕಾದಂತೆ ಡ್ಯಾಶಿನಲ್ಲಿ ಕೆಂಪು ತ್ರಿಕೋನ ಹೊತ್ತುತ್ತದೆ, ಎಳೆತ ಕುಗ್ಗುತ್ತದೆ, ಕೊನೆಗೆ ಗಾಡಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ತಣ್ಣಗಾಗಿ ಏನೂ ಆಗದವರಂತೆ ಸ್ಟಾರ್ಟು! ಡಾಕ್ಟರ ಬಾಗಿಲು ಮುಟ್ಟಿದೊಡನೆ ಜ್ವರ ಬಿಡುವ ಮಗುವಿನ ಹಾಗೆ. ಆದರೆ ಕಂಪ್ಯೂಟರ್ ಮರೆಯುವುದಿಲ್ಲ. ಸ್ಕ್ಯಾನರ್ ಚುಚ್ಚಿದರೆ ‘ಪಿ0ಎ93’ ಎಂಬ ಕೋಡು ಚಾಡಿ ಹೇಳುತ್ತದೆ.

ಸ್ಕ್ಯಾನರ್ ಇಲ್ಲದವರಿಗೆ ಕಣ್ಣೇ ಸಾಕು. ಗಾಡಿ ತಣ್ಣಗಿರುವಾಗ ಬಾನೆಟ್ ಎತ್ತಿ, ಇನ್ವರ್ಟರಿನ ಪುಟ್ಟ ತೊಟ್ಟಿಯ ಮುಚ್ಚಳ ತೆಗೆಯಿರಿ. ಎಂಜಿನ್ನಿನ ತೊಟ್ಟಿ ಬೇರೆ, ಅದರ ತಂಟೆ ಬೇಡ. ಕಿತ್ತಳೆ ಬಣ್ಣದ ಕೇಬಲ್ಲುಗಳಿಗಂತೂ ದೂರದಿಂದಲೇ ನಮಸ್ಕಾರ ಹಾಕಿ. ಪಾರ್ಕಿನಲ್ಲಿಟ್ಟು ‘ರೆಡಿ’ ಮಾಡಿಸಿ ಒಳಗೆ ಇಣುಕಿ. ಗುಲಾಬಿ ನೀರು ಸುಳಿ ಸುತ್ತುತ್ತಾ ಕುಣಿಯುತ್ತಿದ್ದರೆ ಪಂಪು ಬದುಕಿದೆ. ದೇವಸ್ಥಾನದ ಕಲ್ಯಾಣಿಯಂತೆ ನಿಶ್ಚಲವಾಗಿದ್ದರೆ ಅಲ್ಲಿಗೆ ಮುಗಿಯಿತು.

ಇಲ್ಲೊಂದು ಮೋಸವಿದೆ. ಗಾಡಿ ಆಫ್ ಮಾಡಿದ ಮೇಲೂ ಮುಂದೆಲ್ಲೋ ‘ಗುಂಯ್’ ಎನ್ನುವುದನ್ನು ಕೇಳಿ, “ಪಂಪು ಓಡ್ತಾ ಇದೆಯಲ್ಲ, ಬ್ಯಾಟರಿನೇ ಇರಬೇಕು” ಎಂದು ತೀರ್ಪು ಕೊಡುವವರಿದ್ದಾರೆ. ಅದು ಬೇರೆ ಪಂಪು ಸ್ವಾಮಿ! ಅಮೆರಿಕದ ಆ ಪ್ರಿಯಸ್‌ನಲ್ಲಿ ಸುಮಾರು ಮೂರು ಲೀಟರಿನ ಫ್ಲಾಸ್ಕ್ ಉಂಟು. ಎಂಜಿನ್ನಿನ ಬಿಸಿ ಕೂಲೆಂಟನ್ನು ಮರುದಿನ ಬೆಳಗಿಗೆಂದು ತುಂಬಿಡುವ ಸದ್ದು ಅದು. ಕಾರಿಗೂ ಎದ್ದ ಕೂಡಲೇ ಬಿಸಿ ಬೇಕು.

ಹೊಸ ಪಂಪು ಕೂರಿಸಲು ಬೇಕಾದದ್ದು ನಾಲ್ಕಾರು ಬೋಲ್ಟಿನ ಕೆಲಸ. ಆದರೆ ಅಲ್ಲಿಗೆ ಕೈ ತೂರಿಸಲು ಮುಂದಿನ ಬಂಪರ್ ಬಿಚ್ಚಬೇಕು. ಸಾಸಿವೆ ಡಬ್ಬಿಗಾಗಿ ಅಡುಗೆಮನೆಯನ್ನೇ ಹೊರಗೆ ಸಾಗಿಸಿದಂತೆ. ನಿಜವಾದ ತಲೆನೋವು ಆಮೇಲೆ: ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ. ಪಂಪು ಹೊಸದು, ಕೂಲೆಂಟು ಹೊಸದು, ನಾಲ್ಕು ದಿನಕ್ಕೆ ಮತ್ತದೇ ತ್ರಿಕೋನ! ಗಾಳಿ ತೆಗೆಯುವ ತಿರುಪಿಗೆ ಒಂದು ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತೊಟ್ಟಿಯೊಳಗೆ ಬಿಡಬೇಕು. ಕೂಲೆಂಟು ಸುರಿದು, ತಿರುಪು ಸಡಿಲಿಸಿ, ಪಂಪನ್ನು ತುಸು ಹೊತ್ತು ಓಡಿಸಿ ನಿಲ್ಲಿಸಬೇಕು. ಮಟ್ಟ ಇಳಿದಷ್ಟು ಮತ್ತೆ ಸುರಿಯಬೇಕು. ಗುಳ್ಳೆ ನಿಂತು, ಪಂಪಿನ ಗೊಣಗಾಟ ಸಣ್ಣದಾಗಿ, ತೊಟ್ಟಿಯಲ್ಲಿ ಸುಳಿ ಜೋರಾದರೆ ಮಾತ್ರ ಕೆಲಸ ಮುಗಿಯಿತೆಂದು ಲೆಕ್ಕ. ನೆನಪಿರಲಿ, ಆ ಗುಲಾಬಿ ಕೂಲೆಂಟು ಡಬ್ಬಿಯಲ್ಲೇ ಅರ್ಧಕ್ಕರ್ಧ ನೀರು ಬೆರೆತು ಬರುತ್ತದೆ. ಹಾಲಿನವನ ಅಭ್ಯಾಸದಲ್ಲಿ ಇನ್ನಷ್ಟು ಬೆರೆಸಬೇಡಿ.

ಇದೇ ಕಾರಿಗೆ ಸ್ಟೀರಿಂಗಿನ ಕಂಟಕವೂ ಇತ್ತು. 2012ರ ನವೆಂಬರ್‌ನಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 27.7 ಲಕ್ಷ ವಾಹನಗಳನ್ನು ವಾಪಸ್ ಕರೆಸಿದ್ದು ಇದಕ್ಕೇ. ಅವುಗಳ ಪೈಕಿ ಸುಮಾರು 6.3 ಲಕ್ಷ ಹೈಬ್ರಿಡ್‌ಗಳಿಗೆ ಪಂಪಿನ ಕಾಯಿಲೆಯೂ ಸೇರಿತ್ತು. ಸ್ಟೀರಿಂಗನ್ನು ಕೆಳಗಿನ ಗೇರಿಗೆ ಜೋಡಿಸುವ ಮಧ್ಯದ ಶಾಫ್ಟಿನ ಹಲ್ಲುಗಳು ಸಾಕಷ್ಟು ಗಟ್ಟಿಯಿರಲಿಲ್ಲ. ನಿಧಾನವಾಗಿ ಹೋಗುತ್ತಾ ಪದೇಪದೇ ಜೋರಿನಿಂದ ಕೊನೆತನಕ ತಿರುಗಿಸಿದರೆ ಹಲ್ಲು ಸವೆದು ಸಡಿಲಾಗುತ್ತಿತ್ತು. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಪಾರ್ಕಿಂಗ್ ಕಲಿತವರಿಗೆ ಬೇರೆ ಶೈಲಿಯೇ ಗೊತ್ತಿಲ್ಲವಲ್ಲ!

ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಚಕ್ರ ನೇರವಿಟ್ಟು, ‘ರೆಡಿ’ಯಲ್ಲಿ ಸ್ಟೀರಿಂಗನ್ನು ಎರಡು ಬೆರಳಿನಿಂದ ಅತ್ತಿತ್ತ ಅಲ್ಲಾಡಿಸಿ. ಚಕ್ರ ಕದಲುವ ಮೊದಲು 30 ಮಿಲಿಮೀಟರ್ ಮೀರಿ ಆಡಿದರೆ ಮೆಕ್ಯಾನಿಕ್‌ಗೆ ತೋರಿಸುವುದೇ ಸರಿ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಇದು ಹೋಗದು. ಬಿಲ್ಲಿನಲ್ಲಿ ‘ಪವರ್ ಸ್ಟೀರಿಂಗ್ ಆಯಿಲ್’ ಎಂದು ಕಂಡರಂತೂ ಅಲ್ಲಿಂದ ಎದ್ದುಬನ್ನಿ. ಈ ಸ್ಟೀರಿಂಗಿಗೆ ಬಲ ಕೊಡುವುದು ಮೋಟಾರು, ಆಯಿಲಿನ ಸಂಸಾರವೇ ಅದಕ್ಕಿಲ್ಲ.

ಶಾಫ್ಟ್ ಬಿಚ್ಚುವ ಮುನ್ನ ಕೂಡುವ ಜಾಗಕ್ಕೆ ಬಿಳಿ ಗೀಟು ಎಳೆಯಬೇಕು. ಒಂದು ಹಲ್ಲು ಆಚೀಚೆ ಕೂತರೂ ಕಾರು ನೇರ ಹೋಗುತ್ತದೆ, ಸ್ಟೀರಿಂಗ್ ಮಾತ್ರ ಪಕ್ಕದ ಮನೆ ಕಡೆ ನೋಡುತ್ತದೆ. ಇನ್ನೊಂದು, ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಬಿಗಿದು ಕಟ್ಟಿರಬೇಕು. ಶಾಫ್ಟ್ ಕಳಚಿದಾಗ ಯಾರಾದರೂ ಅದನ್ನು ಗಿರ್‍ರನೆ ತಿರುಗಿಸಿದರೆ ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟು ಒಯ್ಯುವ ಒಳಗಿನ ಸುರುಳಿ ಕೇಬಲ್ ಹರಿಯುತ್ತದೆ, ಹಾರ್ನ್ ಮೂಕವಾಗುತ್ತದೆ. ಬೆಂಗಳೂರಿನಲ್ಲಾದರೆ ಗೇಟು ದಾಟುವ ಮೊದಲೇ ಗೊತ್ತಾಗುತ್ತಿತ್ತು. ಹಾರ್ನ್ ಒತ್ತದ ಅಮೆರಿಕದಲ್ಲಿ, ಏರ್‌ಬ್ಯಾಗಿನ ದೀಪ ಯಾಕೆ ಹೊತ್ತಿತೆಂದು ಜನ ಮತ್ತೆ ಬಾನೆಟ್ ಸುತ್ತ ಸೇರುತ್ತಾರೆ. ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ: “ಬ್ಯಾಟರಿ...”