ಪಾತಾಳಕ್ಕೆ ಏಣಿ

ಅಮೆರಿಕದಲ್ಲಿ ಕೊಲೊರಾಡೊ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಮೀಡ್ ಸರೋವರದ ನೀರು ಇಳಿದಾಗಲೆಲ್ಲ ಅದೇ ಸುದ್ದಿ: ದೋಣಿ ಇಳಿಸುವ ರ‍್ಯಾಂಪ್ ಉದ್ದವಾಗಬೇಕು. ಕಾಂಕ್ರೀಟ್ ಸಾಲದಿದ್ದರೆ ಲೋಹದ ಹಾಸು ಹಾಕಿ. ಆಕಾಶಕ್ಕೆ ಏಣಿ ಹಾಕುವವರನ್ನು ಕಂಡಿದ್ದೆವು, ನೆವಾಡಾದವರದು ಪಾತಾಳಕ್ಕೆ. 2022ರಲ್ಲಿ ಸರೋವರ ಕಾಲುಭಾಗದ ಆಸುಪಾಸಿಗೆ ಬಂದು ನಿಂತಾಗ ರ‍್ಯಾಂಪ್‌ಗಳು ಒಂದೊಂದಾಗಿ ಮುಚ್ಚಿ, ಹೆಮೆನ್‌ವೇ ಬಂದರಿನದು ಮಾತ್ರ ಉಳಿಯಿತು. ಮೋಟಾರ್ ದೋಣಿಗಳನ್ನೇ ಕೈಬಿಟ್ಟರೆ ಹೇಗೆ ಎಂದು ರಾಷ್ಟ್ರೀಯ ಉದ್ಯಾನ ಇಲಾಖೆ ಕೇಳಿದ್ದೇ ತಪ್ಪಾಯಿತು, ದೋಣಿಯವರು ಹರಿಹಾಯ್ದರು. ನೀರಿಲ್ಲ ಎಂಬುದೂ ಒಂದು ಕಾರಣವೇ?

ಗೊಣಗುವವರಿಗೆ ಒಳ್ಳೆಯದು ಕಾಣಿಸುವುದಿಲ್ಲ. ನೀರು ಇಳಿದಷ್ಟೂ ನೋಡಲು ಹೆಚ್ಚು ಸಿಗುತ್ತಿದೆ. ಪೀಪಾಯಿಯೊಂದರಲ್ಲಿ ಗುಂಡೇಟು ತಿಂದವನ ಅಸ್ಥಿ ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರನ್ನು ದಡಕ್ಕಿಳಿಸುತ್ತಿದ್ದ ಬಗೆಯ ಹಿಗ್ಗಿನ್ಸ್ ದೋಣಿ ಮೂತಿ ಹೊರಹಾಕಿತು. 1938ರಲ್ಲಿ ಸರೋವರ ತುಂಬಿ ಸೇಂಟ್ ಥಾಮಸ್ ಊರು ಮುಳುಗುವಾಗ ಕೊನೆಯ ನಿವಾಸಿ ಮನೆಬಾಗಿಲಿನಿಂದಲೇ ದೋಣಿ ಹತ್ತಿ ಹೊರಟನಂತೆ. ಈಗ ಅದೇ ಬಾಗಿಲು ಇದ್ದ ಜಾಗಕ್ಕೆ ಪ್ರವಾಸಿಗರು ದೂಳು ತುಳಿಯುತ್ತಾ ನಡೆದು ಹೋಗುತ್ತಾರೆ. ಶಾಲೆಯ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕುಡಿಯುವ ನೀರನ್ನು ಮನೆಯಿಂದಲೇ ಹೊತ್ತು ತರಬೇಕು. ಸರೋವರದ ತಳಕ್ಕೆ ನೀರಿನ ಬಾಟಲಿ!

ಇನ್ನೊಂದು ನಿಯಮವಿದೆ. 2007ರಲ್ಲಿ ಇಲ್ಲಿ ಕ್ವಾಗಾ ಎಂಬ ಪುಟಾಣಿ ಚಿಪ್ಪುಜೀವಿ ಪತ್ತೆಯಾದ ಮೇಲೆ, ಅದು ಬೇರೆಡೆಗೆ ಹರಡದಂತೆ ದೋಣಿಯಲ್ಲಿ ನಿಂತ ನೀರನ್ನೆಲ್ಲ ಬಸಿದು ಚೆನ್ನಾಗಿ ಒಣಗಿಸಬೇಕು. ಸರೋವರ ಅದನ್ನು ತನಗೇ ಹೇಳಿದ್ದೆಂದು ತಿಳಿದಂತಿದೆ.

ತಪ್ಪು ಸರೋವರದ್ದಲ್ಲ ಬಿಡಿ. 1922ರಲ್ಲಿ ಕೊಲೊರಾಡೊ ನದಿಯನ್ನು ಏಳು ರಾಜ್ಯಗಳಿಗೆಂದು ಹಂಚುವಾಗ ಲೆಕ್ಕಕ್ಕೆ ಹಿಡಿದದ್ದು ಮಳೆ ಧಾರಾಳವಾಗಿದ್ದ ವರ್ಷಗಳನ್ನು. ಹರಿಯದ ನೀರಿಗೂ ಕಾಗದದಲ್ಲಿ ಪಾಲು ಬಿತ್ತು. ಆ ಪಂಚಾಯಿತಿಗೆ ಮೂಲನಿವಾಸಿಗಳನ್ನು ಕರೆದಿರಲಿಲ್ಲ. ಅವರಲ್ಲೊಬ್ಬರಾದ ನವಾಹೊ ಜನರ ನಾಡಿನಲ್ಲಿ ಸುಮಾರು ಮೂರರಲ್ಲೊಂದು ಮನೆಗೆ ಇಂದಿಗೂ ನಲ್ಲಿಯಿಲ್ಲ. ಪಿಕಪ್ ಗಾಡಿಯ ಹಿಂದೆ ಪ್ಲಾಸ್ಟಿಕ್ ಟ್ಯಾಂಕ್ ಕಟ್ಟಿಕೊಂಡು ಮೈಲುಗಟ್ಟಲೆ ಹೋಗಿ ತುಂಬಿಸಿಕೊಂಡು ಬರುತ್ತಾರೆ. ಅವರಿಗೆ ನೀರು ದೊರಕಿಸಲು ಮುಂದಾಗಬೇಕಾದ ಹೊಣೆ ಅವರೊಂದಿಗಿನ 1868ರ ಒಪ್ಪಂದದಲ್ಲಿ ಸರ್ಕಾರದ ಮೇಲಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ 5–4ರ ಬಹುಮತದಿಂದ ಹೇಳಿಬಿಟ್ಟಿತು. ದೋಣಿಗೆ ನೀರು ಎಟುಕದಿದ್ದರೆ ಸಾರ್ವಜನಿಕ ಸಭೆ, ನಕ್ಷೆ, ಕಾಂಕ್ರೀಟ್. ಇವರಿಗೆ ಮಾತ್ರ ತೀರ್ಪಿನ ಪ್ರತಿ. ಇದರ ಮೇಲೂ ನಗೆಚಟಾಕಿ ಹೊಸೆಯಲು ನನಗೆ ಮನಸ್ಸಿಲ್ಲ.