ಬೇವಿನ ಹಲಗೆ ಎಂಟು ದಿನದ ಬಿಸಿಲಿಗೆ ಒಣಗುವುದೇ?

‘ಹಿತ್ತಲಿನ ಬೇವು ಕಡಿಸಿದಿರಾ? ಕೊಯ್ದ ಹಲಗೆಗಳನ್ನು ವಿಜಯಪುರದ ಬಿಸಿಲಿಗೆ ಎಂಟು ದಿನ ಒಡ್ಡಿ, ಬಾಗಿಲು ಮಾಡಿಸಿ’ ಎಂಬ ಸಂದೇಶವನ್ನು ದಯವಿಟ್ಟು ನಂಬಬೇಡಿ. ಸುಡುಬಿಸಿಲಿಗೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ತೇವ ಹಾಗೆಯೇ ಉಳಿಯುತ್ತದೆ. ಆ ಎಳೆದಾಟದಲ್ಲಿ ಹಲಗೆ ಸೀಳುತ್ತದೆ, ಬಾಗುತ್ತದೆ. ತುದಿಗಳು ಇನ್ನೂ ಬೇಗ ಆರುವುದರಿಂದ ಮರ ಉರುಳಿದ ದಿನವೇ ದಿಮ್ಮಿಯ ಎರಡೂ ತುದಿಗೆ ಬಣ್ಣ ಬಳಿಯಬೇಕು. ಕೊಯ್ದ ಹಲಗೆಗಳನ್ನು ನೆಲದಿಂದ ಎತ್ತರಿಸಿ, ನಡುನಡುವೆ ಒಣ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ. ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಒರಟು ಲೆಕ್ಕ. ಇಲ್ಲಿನ ಒಣಹವೆಯಲ್ಲಿ ಅದು ಕಡಿಮೆಯಾದೀತು, ವಾರಕ್ಕಂತೂ ಇಳಿಯದು. ಅಷ್ಟು ವರ್ಷ ನೆರಳು ಕೊಟ್ಟ ಮರಕ್ಕೆ ಈ ತಾಳ್ಮೆ ಸಲ್ಲಲೇಬೇಕು. ಕಾಂಡದೊಳಗೆ ಹಳೆಯ ಮೊಳೆ, ತಂತಿ ಇರಬಹುದೆಂದು ಸಾಮಿಲ್‌ನವರಿಗೆ ತಿಳಿಸಿ. ಕಡಿಯುವ ಮುನ್ನ ಅರಣ್ಯ ಇಲಾಖೆಯನ್ನೂ ಕೇಳಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ.